ಹನ್ನೆರಡು ಹುಳಿ ಮಾತ್ರೆ

ಕ್ಯಾನ್ಸರ್ ಜೀವಕೋಶಗಳಿಗೆ ಭಾನುವಾರ ಗೊತ್ತಿಲ್ಲ. ತಟ್ಟೆಯಲ್ಲಿ ಬೆಳೆಸುವ ಅವುಗಳಿಗೆ ಎರಡು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕದಿದ್ದರೆ ಸಾಯುತ್ತವೆ. ಹನ್ನೊಂದು ವರ್ಷಗಳಿಂದ ಅವಳದು ಇದೇ ಕೆಲಸ. ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ನಡುವೆ ಎದ್ದು ಪ್ರಯೋಗಾಲಯಕ್ಕೆ ಓಡುವವಳು. ಅಲ್ಲಿನವರು ಅವಳಿಗೆ ‘ಬಾಣಂತಿ’ ಎಂದು ಹೆಸರಿಟ್ಟಿದ್ದರು. ಮೊದಲ ವರ್ಷ ಆ ಮಾತಿಗೆ ನಗುತ್ತಿದ್ದಳು, ಈಗ ಸುಮ್ಮನೆ ತಿರುಗಿ ನೋಡುತ್ತಿದ್ದಳು. ದ್ರವ ಹೀರಿ ಬಿಡುವ ಪಿಪೆಟ್ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಬೆಳಗ್ಗೆ ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿಕೊಂಡು ಹೊರಡುತ್ತಿದ್ದಳು.

ಮೂರು ವರ್ಷದ ಹಿಂದೆ ಆ ಕೈಗೆ ಒಂದು ಒಳ್ಳೆಯ ಫಲಿತಾಂಶ ಸಿಕ್ಕಿತ್ತು. ಕರುಳಿನ ಕ್ಯಾನ್ಸರ್ ಕೋಶಗಳಿಗೆ ಸಿ ವಿಟಮಿನ್ ಹಾಕಿದರೆ ಮಾರನೆಯ ದಿನಕ್ಕೆ ಮುಕ್ಕಾಲು ಪಾಲು ಸತ್ತಿರುತ್ತಿದ್ದವು. ಅಷ್ಟೇ ವಿಟಮಿನ್ ಹಾಕಿದ ಪಕ್ಕದ ತಟ್ಟೆಯ ಆರೋಗ್ಯವಂತ ಕೋಶಗಳು ಹೆಚ್ಚುಕಡಿಮೆ ಹಾಗೇ ಇರುತ್ತಿದ್ದವು. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ‘ದೊಡ್ಡೋರು’, ಪ್ರಬಂಧ ಬರೆದರು. ಪತ್ರಿಕೆಯವರು ಬಂದು ಫೋಟೊ ತೆಗೆದು ‘ಕ್ಯಾನ್ಸರ್ ಮೇಲೆ ವಿಟಮಿನ್ ಬಾಣ’ ಎಂದು ಹಾಕಿದರು. ಇದೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು, ಮನುಷ್ಯರಲ್ಲಲ್ಲ ಎಂಬ ಮಾತು ಕೊನೆಯ ಸಾಲಿನಲ್ಲಿತ್ತು.

ಎರಡೂವರೆ ವರ್ಷ ಕಳೆದ ಮೇಲೆ ಅವಳ ಅಕ್ಕನಿಗೇ ಕರುಳಿನ ಕ್ಯಾನ್ಸರ್ ಬಂತು.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ಕೆಲಸದಲ್ಲಿದ್ದಳು. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಆಪರೇಷನ್ ಆಯಿತು, ಕೀಮೋ ಶುರುವಾಯಿತು, ಬಾಯಿತುಂಬ ಹುಣ್ಣೆದ್ದು ದನಿ ಕಟ್ಟಿತು. ಭಾವ ಹಳೆಯ ಪತ್ರಿಕೆಯ ತುಣುಕನ್ನು ಹುಡುಕಿ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಂಗಡಿಯಿಂದ ಸಿ ವಿಟಮಿನ್ ಮಾತ್ರೆ ತಂದು ದಿನಕ್ಕೆ ಹನ್ನೆರಡರಂತೆ ಹೆಂಡತಿಗೆ ಕೊಡತೊಡಗಿದರು. “ಮನೇಲೇ ವಿಜ್ಞಾನಿ ಇರೋವಾಗ ನಮಗೇನು ಭಯ?” ಎಂದು ನಾದಿನಿಯ ಮುಂದೆಯೇ ಹೇಳಿದರು.

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಿಂದರೆ ಕೆಟ್ಟದ್ದೇನು ಆಗುತ್ತದೆ, ಮನಸ್ಸಿಗೆ ಧೈರ್ಯವಾದರೂ ಇರಲಿ ಎಂದುಕೊಂಡಳು. ನಿಜ ಹೇಳಬೇಕೆಂದರೆ, ಆ ತುಣುಕಿನಲ್ಲಿ ತನ್ನ ಫೋಟೊ ಇದ್ದದ್ದು ಅವಳಿಗೂ ಹಿತವಾಗಿತ್ತು.

ಮಾತ್ರೆ ಶುರುವಾಗಿ ಮೂರು ತಿಂಗಳಾದ ಮೇಲೆ ಬೇರೊಂದು ಪ್ರಯೋಗಾಲಯದಿಂದ ಕಾಗದ ಬಂತು. ಒಬ್ಬ ಹಿರಿಯ ರಸಾಯನ ವಿಜ್ಞಾನಿ ಒಂದೇ ಪ್ರಶ್ನೆ ಕೇಳಿದ್ದರು: ‘ಕೋಶಗಳೇ ಇಲ್ಲದ ಬರೀ ದ್ರವಕ್ಕೆ ವಿಟಮಿನ್ ಹಾಕಿ ನೋಡಿದ್ದೀರಾ?’

ನೋಡಿರಲಿಲ್ಲ. ಆ ಗುಲಾಬಿ ಬಣ್ಣದ ದ್ರವ ಕೋಶಗಳ ಅನ್ನ. ಅನ್ನದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಅವಳು ಖಾಲಿ ತಟ್ಟೆಗೆ ದ್ರವ ಸುರಿದು, ವಿಟಮಿನ್ ಬೆರೆಸಿ, ಎರಡು ಗಂಟೆ ಬಿಟ್ಟು ಪರೀಕ್ಷಿಸಿದಳು. ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಕೊಂಡಿತ್ತು. ಗಾಯ ತೊಳೆಯಲು ಬಳಸುವ, ತಲೆಗೂದಲಿನ ಬಣ್ಣ ತೆಗೆಯುವ ಅದೇ ರಾಸಾಯನಿಕ. ಮಾರನೆಯ ದಿನ ಪೆರಾಕ್ಸೈಡನ್ನು ಒಡೆಯುವ ಕಿಣ್ವವನ್ನು ಮೊದಲೇ ಬೆರೆಸಿ, ಕ್ಯಾನ್ಸರ್ ಕೋಶಗಳಿಗೆ ಎಂದಿನಷ್ಟೇ ವಿಟಮಿನ್ ಹಾಕಿದಳು. ಒಂದೂ ಸಾಯಲಿಲ್ಲ. ತಟ್ಟೆಗೆ ಬಿಗಿಯಾಗಿ ಅಂಟಿಕೊಂಡು ಗುಂಪುಗುಂಪಾಗಿ ಬೆಳೆದಿದ್ದವು.

ನಾಲ್ಕು ಸಲ ಮಾಡಿದಳು. ನಾಲ್ಕು ಸಲವೂ ಅಷ್ಟೇ. ಕೋಶಗಳನ್ನು ಕೊಲ್ಲುತ್ತಿದ್ದದ್ದು ತಟ್ಟೆಯ ದ್ರವದಲ್ಲಿ ಹುಟ್ಟುತ್ತಿದ್ದ ಪೆರಾಕ್ಸೈಡ್. ಆರೋಗ್ಯವಂತ ಕೋಶಗಳಿಗೆ ಅದನ್ನು ತಾಳುವ ಶಕ್ತಿ ತುಸು ಹೆಚ್ಚಿತ್ತು, ಅಷ್ಟೇ.

ದೊಡ್ಡೋರು ಅಂಕಿಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರ ನಿವೃತ್ತಿಗೆ ಒಂದೇ ವರ್ಷವಿತ್ತು.

“ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲಮ್ಮ, ಮೂರು ವರ್ಷ.”

“ಹೌದು ಸಾರ್. ಪ್ರಬಂಧ ವಾಪಸ್ ತಗೋಬೇಕು.”

“ತಗೊಳ್ಳೋಣ. ಈಗಲೇ ಅಂತ ಏನಿದೆ? ಇನ್ನೊಂದೆರಡು ಸಲ ಮಾಡಿ ನೋಡಿ. ಈ ವರ್ಷ ಕಳೀಲಿ.”

“ನಮ್ಮಕ್ಕ ದಿನಾ ಹನ್ನೆರಡು ಮಾತ್ರೆ ತಿಂತಿದ್ದಾಳೆ ಸಾರ್. ಅದನ್ನೋದ್ಕೊಂಡು ಇನ್ನೆಷ್ಟು ಜನ ತಿಂತಿದ್ದಾರೋ.”

ಅವರು ಹಾಳೆಗಳನ್ನು ಅವಳತ್ತ ಸರಿಸಿದರು. ಅವಳು ಅವನ್ನು ಮೇಜಿನ ಮೇಲೆಯೇ ಬಿಟ್ಟು ಬಂದಳು.

ಮಧ್ಯಾಹ್ನವೇ ಅಕ್ಕನ ಮನೆಗೆ ಹೋದಳು. ಅಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಹತ್ತಿಯ ಬಟ್ಟೆ ಸುತ್ತಿದ್ದಳು. ಭಾವ ತಟ್ಟೆಯಲ್ಲಿ ಮೂರು ಮಾತ್ರೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ನಿಂತಿದ್ದರು.

“ಭಾವ, ಅದನ್ನ ಕೊಡಬೇಡಿ,” ಎಂದಳು. ಕೂತು ಎಲ್ಲವನ್ನೂ ಹೇಳಿದಳು. ದ್ರವ, ಪೆರಾಕ್ಸೈಡ್, ಕಿಣ್ವ. ನುಂಗಿದ ವಿಟಮಿನ್ನಿನಲ್ಲಿ ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ, ತಟ್ಟೆಯಲ್ಲಿದ್ದಷ್ಟು ರಕ್ತದಲ್ಲಿ ನಿಲ್ಲುವುದೇ ಇಲ್ಲ ಎಂಬುದನ್ನೂ ಹೇಳಿದಳು.

ಭಾವನ ಮುಖ ಕೆಂಪಾಯಿತು. “ಅದು ರಕ್ತದಲ್ಲಿ ನಿಲ್ಲಲ್ಲ ಅನ್ನೋದು ನಿಂಗೆ ಇವತ್ತು ಗೊತ್ತಾಯ್ತಾ?”

“ಇಲ್ಲ. ಮೊದಲೇ ಗೊತ್ತಿತ್ತು.”

“ಮತ್ತೆ? ನಾಲ್ಕು ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?”

“ನಿಮ್ಮ ಧೈರ್ಯ ಕೆಡಿಸೋಕೆ ಮನಸ್ಸು ಬರಲಿಲ್ಲ ಭಾವ,” ಎಂದಳು. ಹೇಳುತ್ತಿದ್ದಂತೆಯೇ ಅದು ಅರ್ಧ ಸತ್ಯ ಎಂದು ಅವಳಿಗೇ ಅನ್ನಿಸಿತು. “ಫೋಟೊ ಬಂದಿತ್ತಲ್ಲ. ಸುಳ್ಳಾಗೋದು ನಂಗೂ ಬೇಡವಾಗಿತ್ತು.”

ಭಾವ ತಟ್ಟೆಯನ್ನು ಕುಕ್ಕಿ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಜೋರಾಗಿ ಕೇಳತೊಡಗಿತು.

ಅಕ್ಕ ತಂಗಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ದನಿ ಪಿಸುಮಾತಿನಷ್ಟೇ ಇತ್ತು.

“ಅದೆಷ್ಟು ಹುಳಿ ಗೊತ್ತೇನೇ? ಹುಣ್ಣಿಗೆ ತಾಗಿದ್ರೆ ಜೀವ ಹೋಗಿ ಬರುತ್ತೆ.”

“ಹಾಗಿದ್ರೆ ಯಾಕೆ ತಿಂದೆ?”

“ನೀನು ಕಂಡುಹಿಡಿದಿದ್ದು ಅಂತ. ಬೇಡ ಅಂದ್ರೆ ನೀನು ನೊಂದ್ಕೋತೀಯ, ಅವರೂ ನೊಂದ್ಕೋತಾರೆ. ಅದಕ್ಕೇ ಕಣ್ಮುಚ್ಚಿ ನುಂಗ್ತಿದ್ದೆ.” ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು, “ಈಗ ನಿಲ್ಲಿಸಬಹುದಲ್ವಾ?”

“ನಿಲ್ಲಿಸು. ಡಾಕ್ಟರ್ ಕೊಟ್ಟಿದ್ದು ಮಾತ್ರ ಬಿಡಬೇಡ.”

“ಅಬ್ಬಾ, ಒಂದು ಪೀಡೆ ತೊಲಗ್ತು,” ಎಂದು ಅಕ್ಕ ನಕ್ಕಳು. ತುಟಿ ಬಿರಿದು ನೋವಾಗಿ ಅರ್ಧಕ್ಕೇ ನಿಲ್ಲಿಸಿದಳು. ಐದೇ ನಿಮಿಷಕ್ಕೆ ಕೂತಲ್ಲೇ ನಿದ್ದೆ ಹೋದಳು. ತಂಗಿ ಅವಳನ್ನು ಮಲಗಿಸಿ, ತಾನೂ ಅವಳ ಕಾಲ ಬಳಿ ಮಂಚಕ್ಕೆ ತಲೆಯಿಟ್ಟಳು. ಅಳು ಬಂದೀತು ಎಂದುಕೊಂಡಿದ್ದಳು. ಬರಲಿಲ್ಲ. ಸುಸ್ತು ಮಾತ್ರ ಇತ್ತು.

ಮರುದಿನ ದೊಡ್ಡೋರು ಅವಳಿಗಿಂತ ಮೊದಲೇ ಬಂದಿದ್ದರು. ಪ್ರಬಂಧ ವಾಪಸ್ ಪಡೆಯುವ ಪತ್ರವನ್ನು ಕೈಯಲ್ಲೇ ಬರೆದು ಇಟ್ಟಿದ್ದರು. “ಟೈಪ್ ಮಾಡಿಬಿಡಿ,” ಎಂದರು. ‘ಈ ತಪ್ಪು ನನ್ನ ಮೇಲ್ವಿಚಾರಣೆಯದು’ ಎಂಬ ಸಾಲನ್ನು ಅವಳು ‘ನಮ್ಮದು’ ಎಂದು ತಿದ್ದಿದಳು. ಅವರು ಅದನ್ನು ನೋಡಿ ರುಜು ಹಾಕಿದರು.

ವಿಷಯ ಹೊರಬಿದ್ದ ಮೇಲೆ ಪತ್ರಿಕೆಯವರು ಯಾರೂ ಬರಲಿಲ್ಲ. ಆದರೆ ಅದೆಲ್ಲಿಂದಲೋ ಸುದ್ದಿ ತಿಳಿದ ರೋಗಿಗಳ ಮನೆಯವರು ಬರೆದರು. ಕೆಲವರು ಬೈದರು. ಒಬ್ಬ ತಾಯಿ, ‘ಹಾಗಾದರೆ ಇನ್ನೇನು ಕೊಡಲಿ?’ ಎಂದು ಕೇಳಿದ್ದಳು. ಅದಕ್ಕೆ ಉತ್ತರ ಬರೆಯಲು ಅವಳಿಗೆ ಮೂರು ದಿನ ಹಿಡಿಯಿತು. ತನಗೆ ಗೊತ್ತಿಲ್ಲವೆಂದು, ವೈದ್ಯರನ್ನು ಬಿಡಬೇಡಿ ಎಂದು ಬರೆದಳು.

ಭಾವ ಎರಡು ತಿಂಗಳು ಮಾತಾಡಲಿಲ್ಲ. ಕೊನೆಯ ಕೀಮೋ ಮುಗಿದು, ಸ್ಕ್ಯಾನಿನ ವರದಿ ಬಂದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಸದ್ಯಕ್ಕೆ ಎಲ್ಲೂ ಗಡ್ಡೆ ಕಾಣುತ್ತಿಲ್ಲ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದು ವೈದ್ಯೆ ಹೇಳಿದ್ದಳು. ಭಾವ ವರದಿಯ ಹಾಳೆಯನ್ನು ನಾದಿನಿಯ ಕೈಗೆ ಕೊಟ್ಟರು.

“ಸದ್ಯಕ್ಕೆ ಅಂದ್ರೇನು? ನೀನೇ ಓದಿ ಹೇಳು.”

ಅವಳು ನಿಧಾನವಾಗಿ ಓದಿದಳು. “ಇವತ್ತಿಗೆ ಇಲ್ಲ ಅಂತ ಭಾವ. ನಾಳೆ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ.”

“ಸರಿ,” ಎಂದರು ಭಾವ. “ಮನೆಗೆ ಬಾ. ಊಟ ಮಾಡ್ಕೊಂಡು ಹೋಗುವಿಯಂತೆ.”

ಅಕ್ಕ ಆಗಲೇ ಎದ್ದು, ಗೋಡೆ ಹಿಡಿದುಕೊಂಡು, ಬಾಗಿಲ ಕಡೆ ಹೆಜ್ಜೆ ಇಡುತ್ತಿದ್ದಳು.