ಅವ್ವ ತುಳಿಯದ ರತ್ನಗಂಬಳಿ

ನಮ್ಮವ್ವ ಚಿಕ್ಕಸಿದ್ದಮ್ಮ ಬಾಯಿ ಬಿಟ್ಟು ಆಸೆ ಅಂತ ಹೇಳಿಕೊಂಡದ್ದು ಒಂದೇ ಒಂದು. ಒಡವೆಯಲ್ಲ, ಸೀರೆಯಲ್ಲ, ಕಾಶಿಯಾತ್ರೆಯೂ ಅಲ್ಲ. ಒಳ್ಳೆಯ ರತ್ನಗಂಬಳಿಯ ಮೇಲೆ ಒಂದು ಸಲ ಬರಿಗಾಲಲ್ಲಿ ನಿಲ್ಲಬೇಕು ಅನ್ನುವುದು. ಕೇಳಿದವರು ನಗುತ್ತಾರೆ, ನಗಲಿ. ನಮ್ಮೆಜಮಾನರು ಚಲುವರಾಜು ಕೂಡ ಮೊದಲು ನಕ್ಕಿದ್ದರು. ಆಮೇಲೆ ಅದೇ ಕಂಬಳಿಗಾಗಿ ನನ್ನ ಜೊತೆ ಊರೂರು ಅಲೆದರು.

ಮದುವೆಗೆ ಮುಂಚೆ ಅವ್ವ ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದಳು. ಶಿಕಾರಿಗೆ ಬಂದ ದೊಡ್ಡವರು ಇಳಿದುಕೊಳ್ಳುವ ಬಂಗಲೆ. ಅದರ ಹಾಲಿನ ನಡುವಿಗೆ ಪರ್ಷಿಯಾ ದೇಶದ ಒಂದು ರತ್ನಗಂಬಳಿ ಹಾಸಿತ್ತಂತೆ. ಕೆಂಪು ಮೈ, ನೀಲಿ ಅಂಚು, ತುಂಬ ಬಳ್ಳಿ, ಬಳ್ಳಿಯ ತುಂಬ ಹೂವು. ಆಳುಗಳು ಅದರ ಮೇಲೆ ಕಾಲಿಡಕೂಡದು, ಸುತ್ತ ಬಿಟ್ಟ ನೆಲದ ಮೇಲೆಯೇ ಓಡಾಡಬೇಕು. ಅವ್ವನ ಕೆಲಸ ಅದರ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕುಚ್ಚುಗಳನ್ನೆಲ್ಲ ಮರದ ಬಾಚಣಿಗೆಯಿಂದ ಬಾಚಿ ಸಾಲಾಗಿ ಮಲಗಿಸುವುದು. ಶಿಕಾರಿಯವರು ಕೆಸರು ಮೆತ್ತಿದ ಬೂಟುಗಾಲಲ್ಲಿ ಧಡಧಡ ಬಂದು ಅದನ್ನೇ ತುಳಿದುಕೊಂಡು ಹೋಗುತ್ತಿದ್ದರು. ಬೂಟಿಗಿದ್ದ ಯೋಗ್ಯತೆ ತೊಳೆದ ಕಾಲಿಗೆ ಇರಲಿಲ್ಲ. ಈ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವ್ವನಿಗೆ ಉರಿಯುತ್ತಿರಲಿಲ್ಲ. ಅವಳು ಆ ಕಥೆಯನ್ನು ನಗುನಗುತ್ತಾ ಹೇಳುತ್ತಿದ್ದಳು.

"ಒಂದಿನ ಯಾರೂ ಇರ್ನಿಲ್ಲ ಕಣವ್ವ. ಕಾಲು ತೊಳ್ಕಂಡು, ಸೆರಗಲ್ಲಿ ಒರೆಸ್ಕಂಡು, ಇನ್ನೇನು ಇಡಬೇಕು ಅಂತ ಬಲಗಾಲು ಎತ್ತಿದ್ದೆ. ಬಟ್ಲರು ಅಂಕಯ್ಯ ಹಿಂದ್ಗಡೆ ಕೆಮ್ಮಿದ. ಎತ್ತಿದ ಕಾಲು ಅಂಗೇ ಇಳಿಸ್ಬುಟ್ಟೆ."

"ಆಮ್ಯಾಕೆ?"

"ಆಮ್ಯಾಕೇನು, ಮದ್ವೆ ಆಯ್ತು. ಕೈಗೆ ಗೊತ್ತು ಅದು ಎಂಗದೆ ಅಂತ. ಕಾಲಿಗೆ ಗೊತ್ತಿಲ್ಲ."

ನಾನು ಚಿಕ್ಕವಳಾಗಿದ್ದಾಗ ಇದು ಬರಿ ಕಥೆ. ತೊಂಬತ್ತೇಳರಲ್ಲಿ ಹುಣಸೂರಿನಲ್ಲಿ ನಾವು ಸ್ವಂತ ಮನೆ ಕಟ್ಟಿದಾಗ ಅದು ಕಥೆಯಾಗಿ ಉಳಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಯಲ್ಲೇ ಇದ್ದಳು. ಕೆಂಪು ಗಾರೆ ನೆಲ ಹಾಕಿಸಿ, ನುಣ್ಣಗೆ ಉಜ್ಜಿಸಿ, ಗೃಹಪ್ರವೇಶಕ್ಕೆ ನಿನಗೇನು ಬೇಕು ಕೇಳವ್ವ ಅಂದೆ. ಅವಳು ಹಾಲಿನ ನಡುವೆ ನಿಂತು ನೆಲ ನೋಡಿದಳು. "ಇಷ್ಟಗಲ ಇತ್ತು ಕಣವ್ವ ಅದು" ಅಂದಳು. ನನಗೆ ಅಷ್ಟೇ ಸಾಕಾಯಿತು. ನಾನು ಹಟ ಹಿಡಿದರೆ ಬಿಡುವವಳಲ್ಲ, ಇದನ್ನು ನಮ್ಮೆಜಮಾನರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

ಮೈಸೂರಿನ ಅಂಗಡಿಗಳಲ್ಲಿ ರತ್ನಗಂಬಳಿ ಅಂತ ಕೊಡುತ್ತಿದ್ದದ್ದು ಮಿಷನ್ನಿನ ಮಾಲು. ಎರಡು ಮೂರು ಕಡೆ ಮೋಸ ಹೋಗುವುದರಲ್ಲಿದ್ದೆ. ಹಳೇ ಸಾಮಾನು ಮಾರುವ ಒಬ್ಬ ಸಾಬರು ಮಾತ್ರ ಕೂರಿಸಿಕೊಂಡು ಹೇಳಿಕೊಟ್ಟರು. ಮೂಲೆ ಮಗುಚಿ ಬೆನ್ನು ನೋಡಬೇಕು, ಕೈಯಲ್ಲಿ ಗಂಟು ಹಾಕಿದ್ದಾದರೆ ಮುಂದಿನ ಹೂವು ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಕುಚ್ಚು ಆಮೇಲೆ ಹೊಲಿದದ್ದಾಗಿರಬಾರದು, ನೇಯ್ಗೆಯ ದಾರವೇ ಹೊರಗೆ ಬಂದಿರಬೇಕು. "ಹಳೇ ಪರ್ಷಿಯಾದ್ದು ಅಂಗಡಿಗೆ ಬರಲ್ಲಮ್ಮ, ದೊಡ್ಡ ಮನೆಗಳು ಮುಳುಗಬೇಕು, ಆಗ ಹೊರಗೆ ಬರುತ್ತೆ" ಅಂದರು.

ಅಲ್ಲಿಂದ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿತು. ಯಾರ ಮನೆಗೆ ಹೋದರೂ ಹಾಸಿದ್ದರ ಮೂಲೆ ಮಗುಚಿ ನೋಡುವುದು. ಕೆ.ಆರ್. ನಗರದಲ್ಲಿ ನಾದಿನಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, ಅವರನ್ನು ಕೂರಿಸಿದ್ದ ಜಮಖಾನದ ಮೂಲೆಯನ್ನೂ ಮಗುಚಿದೆನಂತೆ. ಹುಡುಗನ ತಾಯಿ ಎದ್ದು ನಿಂತುಬಿಟ್ಟಳು. ಸಂಬಂಧ ಕೂಡಿತು ಬಿಡಿ, ಆದರೆ ನಾದಿನಿ ಇಂದಿಗೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ.

ಬೈಲಕುಪ್ಪೆಗೂ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಟಿಬೆಟ್ಟಿನ ಹೆಂಗಸರು ಮಗ್ಗದ ಮುಂದೆ ಸಾಲಾಗಿ ಕೂತು ಹಾಡಿಕೊಂಡು ನೇಯುತ್ತಿದ್ದರು. ಅವ್ವ ಒಬ್ಬೊಬ್ಬರ ಬೆರಳನ್ನೂ ನೋಡುತ್ತಾ ಬಹಳ ಹೊತ್ತು ನಿಂತಳು. ಚೆನ್ನಾಗದೆ, ಆದ್ರೆ ಅದಲ್ಲ ಅಂದಳು. ಹಿಂದಿರುಗಿ ಹುಣಸೂರು ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ನಡೆದು ಬಂದ ಮೇಲೆ ನೋಡುತ್ತೇನೆ, ಅವ್ವನ ಎಡಗಾಲಿನಲ್ಲಿ ಚಪ್ಪಲಿಯೇ ಇಲ್ಲ. ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿದೆ, ಅವಳಿಗೆ ಗೊತ್ತೇ ಆಗಿಲ್ಲ. "ಕಂಬಳಿ ಗ್ಯಾನದಲ್ಲಿ ಚಪ್ಲೀನೂ ಬುಟ್ಟು ಬಂದವ್ಳೆ" ಅಂತ ನಾನು ನಕ್ಕೆ. ಅವ್ವನೂ ನಕ್ಕಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಕೆಲವು ವರ್ಷವಾಗಿತ್ತು. ಮಾತ್ರೆ ಕೊಡುವುದು ನಾನೇ. ಮಾತ್ರೆ ಕೊಟ್ಟರೆ ಮುಗಿಯಿತು ಅಂತ ನಾನು ತಿಳಿದಿದ್ದೆ.

ನಮ್ಮೆಜಮಾನರದು ಹಳೇ ಮನೆಗಳ ಬಾಗಿಲು, ಕಂಬ, ತೊಲೆ ಕೊಂಡು ಮಾರುವ ವ್ಯಾಪಾರ. ಎರಡು ಸಾವಿರದ ಎರಡನೇ ಇಸವಿಯ ಬೇಸಗೆಯಲ್ಲಿ ಪಿರಿಯಾಪಟ್ಟಣ ದಾಟಿ ಕೊಡಗಿನ ಗಡಿಯ ಹತ್ತಿರ ಒಂದು ಬಂಗಲೆ ಬಿಚ್ಚುತ್ತಾರೆ ಅಂತ ಗೊತ್ತಾಗಿ, ಅಲ್ಲಿನ ತೇಗದ ಜೋಡಿ ಬಾಗಿಲಿಗೆ ಮುಂಗಡ ಕೊಟ್ಟು ಬಂದಿದ್ದರು. ಆ ಬಾಗಿಲ ಕೆತ್ತನೆಯನ್ನು ವಾರವಿಡೀ ಬಣ್ಣಿಸಿದ್ದರು. ಬಿಚ್ಚುವ ದಿನ ನಾನೂ ಲಾರಿ ಹತ್ತಿದೆ. ಅಟ್ಟದಿಂದ ಇಳಿಸಿದ ಸಾಮಾನಿನ ನಡುವೆ ಗೋಣಿತಾಟು ಸುತ್ತಿದ ಒಂದು ಉದ್ದನೆಯ ಸುರುಳಿ ಬಿದ್ದಿತ್ತು. ಬಿಚ್ಚಿ ಮೂಲೆ ಮಗುಚಿದೆ. ಬೆನ್ನಿನ ಮೇಲೆ ಹೂವೆಲ್ಲ ಅಚ್ಚುಕಟ್ಟಾಗಿ ಅರಳಿತ್ತು. ಕೆಂಪು ಮೈ, ನೀಲಿ ಅಂಚು, ಬಳ್ಳಿ. ನಡುವೆ ಒಂದಿಷ್ಟು ಸವೆದಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ಬಂಗಲೆಯ ಯಜಮಾನಿ ವಯಸ್ಸಾದ ಹೆಂಗಸು. ಅಜ್ಜನ ಕಾಲದಲ್ಲಿ ಪರ್ಷಿಯಾದಿಂದ ಮುಂಬಯಿಗೆ ಬಂದ ಹಡಗಿನಲ್ಲಿ ಕೊಂಡದ್ದು, ಅಂಗಡಿಯವರಿಗೆ ಮಾರುವುದಿಲ್ಲ ಅಂದಳು. ನಾನು ಅಂಗಡಿಯವಳಲ್ಲ ಅಂತ ಹೇಳಿ, ಅವ್ವನ ಕಥೆಯನ್ನು ಎತ್ತಿದ ಕಾಲಿನ ತನಕ ಹೇಳಿದೆ. ನಮ್ಮೆಜಮಾನರು ಬಾಗಿಲ ಹತ್ತಿರ ಹೋಗಿ ಕೆತ್ತನೆಯ ಮೇಲೆ ಒಮ್ಮೆ ಕೈಯಾಡಿಸಿ ಬಂದರು.

"ಅಮ್ಮಾವ್ರೇ, ಬಾಗ್ಲು ನಿಮ್ತಾವೇ ಇರ್ಲಿ. ನಾನು ಕೊಟ್ಟಿರದಕ್ಕೆ ಈ ಕಂಬಳಿ ಕೊಟ್ಬುಡಿ. ನಮ್ಮತ್ತೆಗೆ ಬೇಕು."

ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತೇ. ಬಂಗಲೆಯ ಯಜಮಾನಿ ಆಗಲಿ ಅಂತ ತಲೆಯಾಡಿಸಿದಳು.

ಮನೆಯಲ್ಲಿ ಸುರುಳಿ ಬಿಚ್ಚಿದಾಗ ಅವ್ವ ಅಂಚಿನಲ್ಲಿ ಕೂತು ಕೈಯಾಡಿಸಿದಳು. ಕಣ್ಣು ತುಂಬಿಕೊಂಡಿತು. "ಇದೇ ಕಣವ್ವ. ಅದಲ್ಲ, ಆದ್ರೂ ಇದೇ" ಅಂದಳು. ಹಾಗಾದರೆ ನಿಂತುಕೋ ಅಂದೆ. ನಾಳೆ ಅಂದಳು.

ಬೆಳಿಗ್ಗೆ ನಾನು ಹಾಲು ತರಲು ಹೋಗಿ ಬಂದು ನೋಡುತ್ತೇನೆ, ಅವ್ವ ನಮ್ಮೆಜಮಾನರ ಕೈಲಿ ರತ್ನಗಂಬಳಿಯನ್ನು ದೇವರ ಗೂಡಿನ ಮುಂದಕ್ಕೆ ಎಳೆಸಿದ್ದಾಳೆ. ಅದರ ನಡುವೆ ಅಕ್ಕಿ ಸುರಿದು ಕಳಸ ಇಟ್ಟು, ಹೂ ಏರಿಸಿ, ಊದುಬತ್ತಿ ಹಚ್ಚಿದ್ದಾಳೆ. ನಮ್ಮಲ್ಲಿ ದೇವರಿಗೆ ಕರಿಕಂಬಳಿಯ ಗದ್ದುಗೆ ಹಾಕುತ್ತೇವಲ್ಲ, ಹಾಗೆ. ಗದ್ದುಗೆ ಆದ ಮೇಲೆ ಮುಗಿಯಿತು, ಕಳಸ ಕದಲಿಸುವ ತನಕ ಯಾರೂ ತುಳಿಯುವ ಹಾಗಿಲ್ಲ.

"ಇದೇನವ್ವ ಮಾಡಿದ್ದೀಯಾ?"

"ಉಣ್ಣೇದು ತಾನೆ, ಗದ್ದುಗೆ ಆಯ್ತದೆ. ಮೊದ್ಲು ದೇವ್ರು ಕೂತ್ಕಳ್ಲಿ ಬುಡು."

ದೇವರು ಎದ್ದೇಳಲೇ ಇಲ್ಲ. ಸೋಮವಾರ ಕಳೆಯಲಿ ಅಂದಳು, ಅಮಾವಾಸ್ಯೆ ಕಳೆಯಲಿ ಅಂದಳು, ಗೌರಿ ಹಬ್ಬ ಕಳೆಯಲಿ ಅಂದಳು. ಬೆಳಗಾದರೆ ಎದ್ದು ಅಂಚಿನಲ್ಲಿ ಕೂತು ಕುಚ್ಚು ಬಾಚುವುದು ಮಾತ್ರ ತಪ್ಪಲಿಲ್ಲ. ನಾವು ಹಾಲಿನಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದೆವು, ಥೇಟು ಆ ಬಂಗಲೆಯ ಆಳುಗಳ ಹಾಗೆ. ನನ್ನ ಸಿಟ್ಟು ದಿನದಿನಕ್ಕೆ ಏರುತ್ತಿತ್ತು. ಇದಕ್ಕಾಗಿ ಇವರು ಬಾಗಿಲು ಬಿಟ್ಟರು, ನಾನು ಕಂಡವರ ಮನೆಯ ಜಮಖಾನ ಮಗುಚಿ ನಗೆಪಾಟಲಾದೆ. ಇವಳು ನೋಡಿದರೆ ಈ ವಯಸ್ಸಿನಲ್ಲೂ ಅಂಕಯ್ಯನ ಕೆಮ್ಮಿಗೆ ಹೆದರುತ್ತಿದ್ದಾಳೆ ಅಂದುಕೊಂಡೆ.

ಗಣಪತಿ ಬಿಟ್ಟ ಮಾರನೆಯ ದಿನ, ಮಧ್ಯಾಹ್ನ ಊಟಕ್ಕೆ ಮುಂಚೆ, ನಾನು ಸ್ನಾನ ಮಾಡಿ ಬಂದು ಕಳಸಕ್ಕೆ ಕೈಮುಗಿದು, ಅದನ್ನು ಬಲಕ್ಕೆ ಕದಲಿಸಿ, ಎತ್ತಿ ಗೂಡಿನಲ್ಲಿಟ್ಟೆ. ಅಕ್ಕಿ ಬಳಿದೆ. ಕಂಬಳಿಯನ್ನು ಹಾಲಿನ ನಡುವಿಗೆ ಎಳೆದೆ.

"ದೇವ್ರು ಎದ್ದಾಯ್ತು. ಈಗ ನೀನು ನಿಂತ್ಕೊ. ಇವತ್ತು ನಿಲ್ಲದಿದ್ರೆ ಇದನ್ನ ಸುತ್ತಿ ಅಟ್ಟಕ್ಕೆ ಹಾಕ್ತೀನಿ."

ಅವ್ವ ನನ್ನ ಮುಖ ನೋಡಿದಳು. ಎದ್ದು ಬಚ್ಚಲಿಗೆ ಹೋಗಿ ಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ನಾನು ಆ ಕಡೆಯ ಅಂಚಿನಲ್ಲಿ ನಿಂತಿದ್ದೆ. ಅವಳು ದೇವರ ಮುಂದೆ ನಿಲ್ಲುವ ಹಾಗೆ ಕಣ್ಣು ಮುಚ್ಚಿಕೊಂಡು ಬಲಗಾಲು ಎತ್ತಿ ಇಟ್ಟಳು. ಎಡಗಾಲನ್ನೂ ತಂದು ಜೋಡಿಸಿದಳು. ನಿಂತಳು. ಮುಖದ ಮೇಲೆ ನಗು ಬಂತು.

"ಅಬ್ಬಾ, ಎಷ್ಟು ಮೆತ್ತಗದೆ ಕಣವ್ವ" ಅಂದಳು.

ನಾನು ಅವಳ ಕಾಲು ನೋಡಿದೆ. ಎರಡು ಕಾಲೂ ಗಾರೆ ನೆಲದ ಮೇಲಿದ್ದವು. ಕಂಬಳಿಯ ಅಂಚು ಅವಳ ಹೆಬ್ಬೆರಳಿನಿಂದ ಇನ್ನೂ ಒಂದು ಗೇಣು ಮುಂದೆ ಇತ್ತು.

ಬಸ್‌ ಸ್ಟ್ಯಾಂಡಿನಿಂದ ಒಂಟಿ ಚಪ್ಪಲಿಯಲ್ಲಿ ನಡೆದು ಬಂದದ್ದು ನೆನಪಾಯಿತು. ಅವತ್ತು ನಾನು ನಕ್ಕಿದ್ದು ನೆನಪಾಯಿತು. "ಅವ್ವಾ" ಅಂದೆ. ಅವ್ವ ಕಣ್ಣು ಬಿಟ್ಟಳು, ಕೆಳಗೆ ನೋಡಿಕೊಂಡಳು.

"ಇನ್ನೂ ಮುಟ್ಟೇ ಇಲ್ವಾ?"

"ಯಾವಾಗಿಂದವ್ವ?"

"ಆಯ್ತು ಬುಡು, ನಿಮ್ಮ ಮನೆ ಒಕ್ಕಲಾದ್ಮ್ಯಾಕೆ. ಮೊದ್ಲು ಕಾಲು ಜುಮ್ಮನ್ನದು, ಆಮ್ಯಾಕೆ ಅದೂ ಇಲ್ಲ. ಬಿಸಿ ಇಲ್ಲ, ತಣ್ಣಗಿಲ್ಲ. ನೀನು ಅಷ್ಟು ಹುಡುಕ್ತಿದ್ದೆ. ಅಳಿಯಂದ್ರು ಬಾಗ್ಲು ಬುಟ್ಟು ತಂದವ್ರೆ. ಎಂಗೇಳ್ಲಿ?"

ಅದಕ್ಕೇ ಗದ್ದುಗೆ. ಅದಕ್ಕೇ ಸೋಮವಾರ, ಅಮಾವಾಸ್ಯೆ, ಗೌರಿ. ನಾನು ಅವಳ ಭುಜ ಹಿಡಿದು ಕೆಳಗೆ ಕೂರಿಸಿ, ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ಅಳಲಿಲ್ಲ. ನನ್ನ ಕೂದಲಲ್ಲಿ ಬೆರಳಾಡಿಸಿದಳು, ಆಮೇಲೆ ಬೆನ್ನಿಗೊಂದು ಏಟು ಹಾಕಿದಳು.

"ಎದ್ದೇಳು. ನೀನು ನಿಂತ್ಕೊ ಓಗು. ನಿಂತ್ಕಂಡು ಎಂಗದೆ ಅಂತ ಸರಿಯಾಗಿ ಯೋಳು."

ನಾನು ಕಾಲು ತೊಳೆದು ಬಂದು ಕಂಬಳಿಯ ಮೇಲೆ ನಿಂತೆ. ಅದನ್ನು ತಂದ ಮೇಲೆ ನಾನೂ ಅದರ ಮೇಲೆ ಕಾಲಿಟ್ಟಿರಲಿಲ್ಲ.

"ಮೆತ್ತಗದೆ ಕಣವ್ವ."

"ಅದ್ನ ನಾನೂ ಯೋಳ್ದೆ. ಎಂಗೆ ಮೆತ್ತಗೆ? ಹತ್ತಿ ಥರವಾ?"

"ಅಲ್ಲ. ಹತ್ತಿಯಾದ್ರೆ ಕಾಲು ಒಳಕ್ಕೋಯ್ತದೆ. ಇದು ತಡೀತದೆ. ಒಸಿ ಒಳಕ್ಕೋಗಿ ಅಲ್ಲೇ ನಿಂತ್ಕತದೆ."

"ಬೆಚ್ಚಗದಾ?"

"ಬೆಚ್ಚಗದೆ. ಈ ನಡುವೆ ಸವೆದಿರೋ ಕಡೆ ಒಂಚೂರು ತಣ್ಣಗದೆ."

"ಚುಚ್ಚಾಕಿಲ್ವಾ, ಕಂಬಳಿ ಥರ?"

"ಇಲ್ಲ ಕಣವ್ವ. ಬೆರಳ ಸಂದೀಲೆಲ್ಲ ಬತ್ತದೆ, ಚುಚ್ಚಾಕಿಲ್ಲ."

ಅವಳು ಯೋಚಿಸಿದಳು. ಆಮೇಲೆ, ನಾಚಿಕೊಂಡವಳ ಹಾಗೆ, "ಎಳೆಗರೀನ ಮೈ ಥರವಾ? ನಾನು ಆಗಿಂದ್ಲೂ ಅಂಗೇ ಅಂದ್ಕಂಡಿವ್ನಿ" ಅಂದಳು.

ಎಳೆಗರುವಿನ ಮೈ ಮೇಲೆ ಯಾರಾದರೂ ನಿಂತು ನೋಡಿದ್ದಾರೆಯೇ. ಆದರೂ ನಾನು ಕಾಲನ್ನು ಒಮ್ಮೆ ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದೆ. ಸುಳ್ಳು ಹೇಳಬೇಕಾಗಲಿಲ್ಲ.

"ಊಂ ಕಣವ್ವ. ಅಂಗೇ ಅದೆ."

"ಅಂಗಾರೆ ಸರಿ" ಅಂದಳು. ಇಳಿಯಲು ಹೋದೆ. ಬೇಡ ಅಂತ ಕೈ ಮಾಡಿದಳು. ಕೂತಲ್ಲಿಂದಲೇ ಅಂಚಿನ ಹತ್ತಿರಕ್ಕೆ ಸರಿದು, ನಾನು ಕಾಲಿಟ್ಟಾಗ ಕೆದರಿದ್ದ ಕುಚ್ಚುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ಸಾಲಾಗಿ ಮಲಗಿಸತೊಡಗಿದಳು.

"ಇನ್ನೊಂದು ಗಳಿಗೆ ನಿಂತಿರು ಮಗ" ಅಂದಳು. "ನಾನಿನ್ನೂ ನಿಂತಿವ್ನಿ."