ಚಿಟಿಕೆ ಉಪ್ಪು

ಬಾಟಲಿ ವಾಲಿಸಿದರೂ ರಕ್ತ ಹರಿಯಲಿಲ್ಲ. ಬೆಳಿಗ್ಗೆ ಶಹಾಬಾದಿನಿಂದ ತೊಡೆಯ ಮೇಲಿಟ್ಟುಕೊಂಡು ತಂದ ಆಡಿನ ರಕ್ತ ಕಲಬುರಗಿಯ ಲ್ಯಾಬಿನಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಶೈಲಶ್ರೀ ಸುಮ್ಮನೆ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಸೋಸುವ ಪೊರೆ ಅವಳ ಐದು ವರ್ಷದ ಕೆಲಸ. ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳದಂಥ ಪೊರೆ. ಗಂಡ ಶಾಂತಕುಮಾರನ ಕಿಡ್ನಿ ಕೆಟ್ಟದ್ದು ಆಮೇಲೆ. ಅವನು ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಈಗ ಉಳಿದದ್ದು ಒಂದೇ ತುಂಡು ಪೊರೆ. ಹಣ ಮುಗಿದು ಈ ಶನಿವಾರ ಲ್ಯಾಬಿಗೆ ಕಾಯಂ ಬೀಗ. ನಾಳೆಯೊಳಗೆ ಅದರಲ್ಲಿ ರಕ್ತ ಹಾಯಿಸಿ ನೋಡದಿದ್ದರೆ ಐದು ವರ್ಷವೂ ಹಾಗೇ ಅರ್ಧಕ್ಕೆ.

ಮಾಂಸದಂಗಡಿಯ ಆಶಾಬಿಗೆ ಫೋನ್ ಮಾಡಿದಳು. ಪ್ರತಿ ಸಲ ರಕ್ತ ಹಿಡಿದುಕೊಡುತ್ತಿದ್ದ ಆಕೆಯ ಗಂಡ ಊರಿಗೆ ಹೋಗಿದ್ದರಿಂದ ಅಂದು ಆಕೆಯೇ ಅಂಗಡಿಯಲ್ಲಿದ್ದಳು.

"ಬಾಟಲ್ದಾಗ ರಕ್ತ ಕಟ್ಟಬಾರ್ದಂತ ನಾ ಔಷಧ ಹಾಕಿ ಕೊಟ್ಟಿದ್ನಲ್ಲ, ಏನಾತು?"

"ಔಷಧಾ? ನಾ ನೀರಂತ ಚೆಲ್ಲಿದೆ ಅಕ್ಕಾ. ಛಲೋತ್ನಾಗಿ ತೊಳದು ಚಿಟಿಕಿ ಉಪ್ಪ ಭೀ ಹಾಕಿ ಕೊಟ್ಟೀನಿ. ಉಪ್ಪ ಇಲ್ದ ರಕ್ತ ಹೆಂಗ ಗಟ್ಟಿ ಆಗ್ತದ, ಹೆಂಗ ಹುರದು ತಿಂತೀರಿ?"

"ನಾ ಹುರಿಯಂಗಿಲ್ಲ ಆಶಾಬಿ."

"ಯಾ ಅಲ್ಲಾ! ಅಲ್ಲೇ ನಿಂತಿದ್ರಲ್ಲ, ಹೇಳಬಾರ್ದಾ? ರೋಡಿನ ಕಡಿ ಮಾರಿ ಮಾಡಿ ನಿಂತ್ರ ನಂಗೇನ್ ಗೊತ್ತಾಗ್ತದ?"

ಅದು ನಿಜ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಪ್ರತಿ ಸಲವೂ ಬಾಟಲಿ ಕೊಟ್ಟು, ಅಂಗಡಿಗೆ ಬೆನ್ನು ಹಾಕಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತ ಲಾರಿಗಳನ್ನು ನೋಡುತ್ತ ನಿಲ್ಲುತ್ತಿದ್ದಳು.

ಸಂಜೆ ಶಹಾಬಾದಿನ ಮನೆಯಲ್ಲಿ ಅತ್ತೆ ವಿಮಲಾಬಾಯಿ ರೊಟ್ಟಿ ಬಡಿಯುತ್ತ ಕೇಳಿದರು, "ಯಾಕ, ಮಾರಿ ಸಪ್ಪಗದ?"

ಸುಳ್ಳು ಹೇಳುವಷ್ಟು ತ್ರಾಣವಿರಲಿಲ್ಲ. ಎಲ್ಲ ಹೇಳಿಬಿಟ್ಟಳು.

"ಬಾಟಲ್ದಾಗಿಂದು ಕೆಮಿಕಲ್ ಅಂದಿದ್ದಿ."

"ಆಡಿನ ರಕ್ತರಿ ಅತ್ತಿ."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ವಿಮಲಾಬಾಯಿ ಅದನ್ನು ತೆಗೆದು ಪಕ್ಕಕ್ಕಿಟ್ಟರು.

"ಶಾಂತೂಗ ಹಚ್ಚತಿದ್ರಲ್ಲ ಆ ಕೊಳವಿ, ಅದರೊಳಗಿಂದಾ ಇದು?"

"ಹೂಂನ್ರಿ."

"ಅದ್ರಾಗ ಮ್ಯಾಲಿಂದ ಮ್ಯಾಲ ರಕ್ತ ಕಟ್ಟತಿತ್ತು."

"ಇದ್ರಾಗ ಕಟ್ಟಬಾರ್ದಂತ ಮಾಡೀನ್ರಿ."

"ಕಟ್ಟಿದ್ರ?"

ಶೈಲಶ್ರೀ ಸೀದ ರೊಟ್ಟಿಯ ಕರಿ ಕೆರೆಯತೊಡಗಿದಳು. ಅತ್ತೆ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡರು. "ನಾಳಿ ನಾನೂ ಬರ್ತೀನಿ. ನೀ ರೋಡ್ ನೋಡ್ಕೋತ ನಿಂದ್ರು ಬೇಕಾದ್ರ."

ಮರುದಿನ ವಿಮಲಾಬಾಯಿ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹೊರಟರು. ಅಂಗಡಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮಾಂಸ ಕಡಿಯುವ ಕೊರಡಿನ ಎದುರಿಗೇ ನಿಂತರು. ಆಶಾಬಿಗೆ ಗಾಬರಿ.

"ಅಮ್ಮಾ, ನೀವು ಆಕಡಿ ತಿರುಗ್ರಿ. ನೋಡ್ಬ್ಯಾಡ್ರಿ."

"ನಿನ್ನ ಕೆಲಸ ನೀ ಮಾಡವಾ. ಆ ಉಪ್ಪಿನ ಡಬ್ಬಿ ಅಷ್ಟು ದೂರ ಇಡು."

ರಸ್ತೆಯಲ್ಲಿ ಎರಡು ಲಾರಿ ಹೋದವು. ಮೂರನೆಯದು ಬರುವ ಮೊದಲೇ ಶೈಲಶ್ರೀ ಹೊರಳಿ ಬಂದು ಅತ್ತೆಯ ಪಕ್ಕ ನಿಂತಳು. ಬಾಟಲಿಯ ಔಷಧದೊಳಕ್ಕೆ ರಕ್ತ ಇಳಿಯುವುದನ್ನು ಇಬ್ಬರೂ ನೋಡಿದರು.

ಬಸ್ಸಿನಲ್ಲಿ ಬಾಟಲಿಯನ್ನು ವಿಮಲಾಬಾಯಿ ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

"ಇನ್ನಾ ಬೆಚ್ಚಗದ," ಅಂದರು.

ಆಮೇಲೆ ಕಲಬುರಗಿಯವರೆಗೂ ಬಸ್ಸು ನಿಂತಾಗಲೆಲ್ಲ ಸೆರಗು ಸರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ರಕ್ತ ಕಟ್ಟಿದೆಯೇನೋ ಎಂದು ಬಾಟಲಿಯನ್ನು ಮೆಲ್ಲಗೆ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ವಾಲಿಸುತ್ತಿದ್ದರು.