ಹದಿನಾಲ್ಕು ದಿನದ ಆಣೆ

ನನ್ನ ಹಿರಿಯ ಮಗ ಬೊಳ್ಳಪ್ಪ ತೀರಿಕೊಂಡದ್ದು ತಿಳಿದದ್ದು ೧೯೬೨ನೇ ಇಸವಿಯ ಕಾಫಿ ಕೊಯ್ಲಿನ ಕಾಲದಲ್ಲಿ, ಒಂದು ಸೋಮವಾರ. ಬೆಳಗಿನ ಬಸ್ಸಿಗೆ ನನ್ನ ತಂಗಿಯ ಮಗ ಕುಟ್ಟಪ್ಪ ಮಡಿಕೇರಿಯಿಂದ ಬಂದ. ಆಸ್ಪತ್ರೆಯಲ್ಲಿ ಬೊಳ್ಳಪ್ಪನ ಜೊತೆಗಿದ್ದವನು ಅವನೇ. ಆ ಹೊತ್ತಿಗೆ ನನ್ನ ಕಿರಿಯ ಮಗ ಪೂವಯ್ಯ ನಡುಮನೆಯ ದೀಪದ ಮುಂದೆ, ಅಂಗೈಯಲ್ಲಿ ಜ್ವರದ ಮಾತ್ರೆ ಇಟ್ಟುಕೊಂಡು ನಿಂತಿದ್ದ.

"ಪೂವಯ್ಯ, ಅದ್ನ ನುಂಗ್ಬೇಡ!" ಎಂದು ಕುಟ್ಟಪ್ಪ ಅಂಗಳದಿಂದಲೇ ಕೂಗಿದ. "ಮಾವ, ಆ ಮಾತ್ರೆ ಬೊತ್ತು, ಬೇಡವೇ ಬೇಡ. ಡಾಕ್ಟ್ರು ಹೇಳಿ ಕಳ್ಸಿದಾರೆ."

"ಬೊಳ್ಳಪ್ಪಂಗೆ ಹೆಂಗುಟ್ಟು?" ಎಂದು ನನ್ನ ಹೆಂಡತಿ ಪೊನ್ನಮ್ಮ ಕೇಳಿದಳು.

ಕುಟ್ಟಪ್ಪ ಟವಲನ್ನು ಬಾಯಿಗೆ ಒತ್ತಿಕೊಂಡು ಜಗಲಿಯ ಮೇಲೆ ಕುಳಿತುಬಿಟ್ಟ.

ಬಾಳೆಲೆ ಎಂಬ ಊರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಆ ವರ್ಷ ಚಳಿಜ್ವರ ಬಿಟ್ಟು ಬಿಟ್ಟು ಮರಳುತ್ತಿತ್ತು. ಅದನ್ನು ಬೇರುಸಹಿತ ಕೀಳುವ ಮಾತ್ರೆ ಎಂದು ಒಂದು ಹೊಸ ಮಾತ್ರೆ ಬಂದಿತು. ಹದಿನಾಲ್ಕು ದಿನ ಬಿಡದೆ ನುಂಗಬೇಕು. ಲೈನಿನ ಮನೆಗಳಲ್ಲಿದ್ದ ಆಳುಗಳಿಗೆ ಹಂಚುವ ಕೆಲಸ ನನ್ನದಾಗಿತ್ತು. ಮೂವತ್ತಕ್ಕೂ ಹೆಚ್ಚು ಮಂದಿ ನನ್ನ ಕಣ್ಣೆದುರೇ ನುಂಗಿ ಗುಣವಾದರು. ಚೋಮಿ ಎಂಬ ಆಳಿನ ತಮ್ಮನಿಗೆ ಮಾತ್ರ ಕಣ್ಣು ಹಳದಿಯಾಗಿ ನಾಲ್ಕು ಹೆಜ್ಜೆಗೆ ಏದುಸಿರು ಬಂತು. ಕಳ್ಳು ಹೆಚ್ಚಾಗಿದೆ ಎಂದು ಬೈದೆ. ಚೋಮಿ ಉಳಿದ ಮಾತ್ರೆಗಳನ್ನು ಕಾಫಿ ಗಿಡದ ಬುಡಕ್ಕೆ ಎಸೆದಳು. ಅವನು ಬದುಕಿದ.

ಬಳಿಕ ಬೊಳ್ಳಪ್ಪನಿಗೆ ಜ್ವರ ಬಂತು. ಪೊನ್ನಮ್ಮ ಅಡ್ಡ ನಿಂತಳು.

"ನನ್ನ ಅಣ್ಣಂಗೆ ಮಿಲಿಟರಿಲಿ ಹಿಂಗೇ ಒಂದ್ ಮಾತ್ರೆ ಕೊಟ್ಟಿದ್ದೊ. ಕಪ್ಪು ಉಚ್ಚೆ ಹೋಗಿ ಮೂರೇ ದಿನಲಿ ಸತ್ತ. ನನ್ನ ಮಕ್ಕಳಿಗೆ ಅದ್ ಬೊತ್ತು."

"ನಿನ್ನ ಅಣ್ಣ ಸತ್ತದ್ ಜ್ವರಲಿ. ನಿಮ್ಮ ತವರಲಿ ಕೋಳಿ ಕೆಮ್ಮಿರೂ ದೈವದ ಕೋಪ!" ಎಂದು ನಾನು ನಕ್ಕೆ.

ಜ್ವರ ಇಳಿದೊಡನೆ ಹುಡುಗರು ಮಾತ್ರೆ ಬಿಟ್ಟುಬಿಡುತ್ತಾರೆ. ಅದಕ್ಕೆಂದು ನಾನು ಬೊಳ್ಳಪ್ಪನಿಂದ ನಡುಮನೆಯ ದೀಪ ಮುಟ್ಟಿಸಿ, ಕಾವೇರಮ್ಮನ ಹೆಸರಿನಲ್ಲಿ ಹದಿನಾಲ್ಕು ದಿನದ ಆಣೆ ಮಾಡಿಸಿದೆ. ದಿನವೂ ತೀರ್ಥದ ಜೊತೆಗೆ ಮಾತ್ರೆಯನ್ನೂ ನಾನೇ ಕೊಟ್ಟೆ.

ನಾಲ್ಕನೆಯ ದಿನ ಅವನು ಹಿತ್ತಲಿನಿಂದ ಬಂದು, "ಅಪ್ಪ, ಉಚ್ಚೆ ಅವ್ವನ ಕಾಫಿಗಿಂತ ಗಟ್ಟಿ ಉಟ್ಟು" ಎಂದು ನಕ್ಕ. ಒಳಗಿನ ವಿಷ ಹೊರಗೆ ಹೋಗುತ್ತಿದೆ ಎಂದೆ. ಆರನೆಯ ದಿನ ತುಟಿ ಬಿಳಿಚಿಕೊಂಡಿತು. ಅವನು ಗೋಡೆ ಹಿಡಿದು ಬಂದು ದೀಪದ ಮುಂದೆ ಕೈಯೊಡ್ಡಿದ. ಏಳನೆಯದನ್ನೂ ಕೊಟ್ಟೆ. ಮರುದಿನ ಅವನು ಏಳಲಿಲ್ಲ. ಕುಟ್ಟಪ್ಪ ಎಸ್ಟೇಟಿನ ಜೀಪಿನಲ್ಲಿ ಅವನನ್ನು ಮಡಿಕೇರಿಗೆ ಕರೆದೊಯ್ದ. ಕುಟ್ಟಪ್ಪ ಮರಳಿ ಬರುವ ಎರಡು ದಿನ ಮೊದಲು ಪೂವಯ್ಯನಿಗೂ ಜ್ವರ ಬಂದಾಗ ಅವನಿಗೂ ಅದೇ ಆಣೆ ಹಾಕಿಸಿದೆ. ಬುದ್ಧಿ ಅಷ್ಟು ಕುರುಡಾಗಿತ್ತು.

ಸುದ್ದಿ ತಿಳಿದ ಮೇಲೂ ಪೂವಯ್ಯ ಮುಷ್ಟಿ ಬಿಚ್ಚಲಿಲ್ಲ.

"ಅಣ್ಣ ಆಣೆ ತಪ್ಪದೆ ಸತ್ತ. ನಾ ತಪ್ಪಿ ಬದ್ಕುದಾ?"

"ಬಿಸಾಕು ಮಗ."

"ದೀಪ ಮುಟ್ಟಿ ಹೇಳಿದ್ದೆ, ಅಪ್ಪ. ನೀವೇ ಹೇಳ್ಸಿದ್ದ್."

ಪೊನ್ನಮ್ಮ ನನ್ನನ್ನು ನೋಡಿದಳು. "ನನ್ನ ಅಣ್ಣ ಸಾಯೋವಾಗ ಯಾರಿಗೂ ಗೊತ್ತಿರ್ಲಿಲ್ಲೆ. ನಿಮ್ಗೆ ನಾ ಹೇಳಿದ್ದೆ."

ಅರವತ್ತು ವರ್ಷ ದೇವರ ಮುಂದೆ ಆಡಿದ ಮಾತನ್ನು ನಾನು ಮುರಿದವನಲ್ಲ. ಆ ದಿನ ದೀಪದ ಬಳಿಗೆ ಹೋಗಿ ಎರಡೂ ಕೈಯಿಂದ ಅದನ್ನು ಹಿಡಿದೆ. "ಆಣೆ ಹಾಕಿಸಿದವ ನಾ. ಅದ್ನ ಮುರಿಯೋವನೂ ನಾ. ಶಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ, ನನ್ನ ಮಗನ ಮೇಲೆ ಬೇಡ" ಎಂದೆ. ಪೊನ್ನಮ್ಮ ಪೂವಯ್ಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆವರಿಗೆ ಮಾತ್ರೆ ಕರಗಿ ಅವನ ಅಂಗೈ ಕಂದು ಬಣ್ಣವಾಗಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಬಳಿಕ ಅಳತೊಡಗಿದಳು.

ಬೊಳ್ಳಪ್ಪನ ಹನ್ನೊಂದನೆಯ ದಿನದ ಕರ್ಮ ಕಳೆದ ಮೇಲೆ ನಾನೇ ಮಡಿಕೇರಿಗೆ ಹೋಗಿ ಡಾಕ್ಟರನ್ನು ಕಂಡೆ.

"ನಿಮ್ಮ ಮಾತ್ರೆ ಕೆಟ್ಟದ್ದಲ್ಲ, ಯಜಮಾನರೇ" ಎಂದರು ಅವರು. "ಅದನ್ನು ತಾಳಿಕೊಳ್ಳಲು ರಕ್ತದಲ್ಲಿ ಒಂದು ಸತ್ವ ಬೇಕು. ಅದು ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ; ಅಂಥವರು ನುಂಗಿದರೆ ರಕ್ತ ಒಡೆದು ಕಪ್ಪಾಗಿ ಮೂತ್ರದಲ್ಲಿ ಹೋಗುತ್ತದೆ. ಒಂದು ಕುಲದಲ್ಲಿ ಹತ್ತಕ್ಕೆ ಇಬ್ಬರಿಗೆ ಈ ಕೊರತೆ ಇರುತ್ತದೆ, ಇನ್ನೊಂದರಲ್ಲಿ ನೂರಕ್ಕೆ ಒಬ್ಬರಿಗೂ ಇರುವುದಿಲ್ಲ. ತಾಯಿ ಆರೋಗ್ಯವಾಗಿಯೇ ಇರುತ್ತಾಳೆ, ಆದರೆ ಅವಳ ಗಂಡುಮಕ್ಕಳಿಗೆ ಬರಬಹುದು. ಚಳಿಜ್ವರ ಹಿಂದಿನಿಂದಲೂ ಇರುವ ನಾಡುಗಳಲ್ಲೇ ಇದು ಹೆಚ್ಚು. ಈ ಕೊರತೆ ಇದ್ದವರನ್ನು ಆ ಜ್ವರ ಅಷ್ಟಾಗಿ ಕೊಲ್ಲುವುದಿಲ್ಲವೆಂದು ಈಗ ಕೆಲವರು ಹೇಳುತ್ತಾರೆ."

ಪೊನ್ನಮ್ಮನ ತವರಿನ ಹಿರಿಯರನ್ನು ಜ್ವರದಿಂದ ಕಾಪಾಡಿದ ಆ ಕೊರತೆಯೇ ನನ್ನ ಕೈಯ ಮಾತ್ರೆಗೆ ನನ್ನ ಮಗನನ್ನು ಒಪ್ಪಿಸಿತು. ಬರುವಾಗ ಲೈನಿಗೆ ಹೋಗಿ ಚೋಮಿಯ ತಮ್ಮನಿಗೆ ಕೈಮುಗಿದೆ. ಅವನು ಗಾಬರಿಯಾಗಿ ಒಳಗೆ ಹೋದ.

ತಾಯಿ ಕಾವೇರಿ, ನನ್ನ ಬೊಳ್ಳಪ್ಪ ನಿನ್ನ ಹೆಸರಿಗೆ ಅಂಜಿ ಏಳು ದಿನ ಕೈಯೊಡ್ಡಿದ. ಆ ಕೈಗೆ ವಿಷವಿಟ್ಟ ಪಾಪ ನನ್ನದು, ಅವನದೇನೂ ಇಲ್ಲ. ಉಳಿದ ಏಳು ದಿನದ ಆಣೆಯಿಂದ ಅವನನ್ನು ಬಿಡಿಸು. ಗುರುಕಾರಣರೇ, ನಮ್ಮ ಮನೆಯ ಗತಿಸಿದ ಹಿರಿಯರೇ, ಅವನು ಆಯಾಸಗೊಂಡು ಬಂದಿದ್ದಾನೆ, ನಿಮ್ಮ ನಡುವೆ ಜಾಗ ಕೊಡಿ. ಅವನ ಜೀವ ತಣ್ಣಗಿರಲಿ.